ಮಡಿ ಮತ್ತು ಮಣ್ಣಿನ ಕೆಳಗಿನ ನೀರು

ಕಣ್ಣಿಂದ ಮರೆಯಾದದ್ದು ಇಲ್ಲವಾಗುತ್ತದೆಯೆ? ಆಗುತ್ತದೆ ಅಂತ ನಂಬಿಯೇ ಈ ದೇಶದ ಮಡಿವಂತಿಕೆ ಬದುಕಿದೆ. ತನ್ನ ಹೇಲನ್ನು ಇನ್ನೊಬ್ಬನ ತಲೆಗೆ ಹೊರಿಸಿ, ಅವನನ್ನು ಊರಾಚೆ ಇಟ್ಟುಬಿಟ್ಟರೆ ಮನೆ ಮಡಿಯಾಯಿತು. ಕರ್ನಾಟಕದಲ್ಲಿ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಮಲ ಹೊರುವುದನ್ನು ನಿಷೇಧಿಸಿದರು. ಬುಟ್ಟಿ ಇಳಿಯಿತು ಅಂದುಕೊಂಡೆವು. 2010ರ ಜುಲೈನಲ್ಲಿ ಸವಣೂರಿನ ಭಂಗಿ ಕುಟುಂಬಗಳವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ನಿಂತಾಗ ಗೊತ್ತಾಯಿತು, ಬುಟ್ಟಿ ಎಲ್ಲಿದೆ ಅಂತ.

ಈಗ ಮಲವನ್ನು ಮಣ್ಣಿನ ತಲೆಗೆ ಹೊರಿಸಿದ್ದೇವೆ. ಗುಂಡಿಗೆ ಬಿಟ್ಟು ಚಪ್ಪಡಿ ಮುಚ್ಚಿದರೆ ಮುಗಿಯಿತು ಅಂತಾರೆ. ಮುಗಿಯುವುದಿಲ್ಲ. ಸೆಪ್ಟಿಕ್ ಟ್ಯಾಂಕಿನಲ್ಲಿ ಗಟ್ಟಿಯಾದದ್ದು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಬಿದ್ದು ಮಣ್ಣಿಗೆ ಇಳಿಯುತ್ತದೆ. ಮಣ್ಣು ದಪ್ಪವಾಗಿ ಒಣಗಿದ್ದರೆ ರೋಗಾಣುಗಳನ್ನು ಬಹುಮಟ್ಟಿಗೆ ಸೋಸುತ್ತದೆ. ಆದರೆ ಉಚ್ಚೆಯಲ್ಲಿರುವ ಸಾರಜನಕ ನೈಟ್ರೇಟ್ ಆಗಿ ನೀರಿನಲ್ಲಿ ಕರಗಿದ ಮೇಲೆ ಮಣ್ಣು ಅದನ್ನು ಹಿಡಿದಿಡಲಾರದು. ಬೆಂಗಳೂರಿನ ನೆಲವೋ ಮೇಲೆ ಒಂದಿಷ್ಟು ಮಣ್ಣು, ಕೆಳಗೆಲ್ಲ ಬಂಡೆ. ಬಂಡೆಯ ಬಿರುಕಿಗೆ ಬಿದ್ದ ನೀರನ್ನು ಸೋಸುವವರು ಯಾರೂ ಇಲ್ಲ. ಅದು ಬಾವಿಗೆ ಬರುತ್ತದೆ, ಬೋರಿಗೆ ಬರುತ್ತದೆ, ತಗ್ಗಿನಲ್ಲಿ ಒಸರಿ ಹಳ್ಳ ಹೊಳೆಗಳಿಗೂ ಸೇರುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತ ಪ್ರಾಣವಾಯುವನ್ನು ಹೊರಲಾರದೆ ಹೋಗಬಹುದು. ತಾಯಿ ಎಷ್ಟು ಕಾಯಿಸಿದರೂ ನೈಟ್ರೇಟ್ ಹೋಗುವುದಿಲ್ಲ. ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ 1854ರಲ್ಲಿ ಕಾಲರಾ ಬಡಿದಾಗ ರೋಗ ಬಂದದ್ದು ಬಾವಿಯ ನೀರಿನಿಂದ ಎಂದು ಜಾನ್ ಸ್ನೋ ತೋರಿಸಿದ. ಆಮೇಲೆ ಅಗೆದು ನೋಡಿದರೆ ಪಕ್ಕದ ಮನೆಯ ಮಲಗುಂಡಿಯ ಇಟ್ಟಿಗೆ ಸಡಿಲಿತ್ತು.

ಜೋಗುಪಾಳ್ಯಕ್ಕೆ ಬನ್ನಿ. ಪಕ್ಕದಲ್ಲೇ ಹಲಸೂರು ಕೆರೆ. 2016ರ ಮಾರ್ಚಿನಲ್ಲಿ ಅಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಈ ಕಡೆಯ ನೀರು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತದೆ. ಬೆಳ್ಳಂದೂರು ಕೆರೆಗೆ 2015ರಲ್ಲೂ 2017ರಲ್ಲೂ ಬೆಂಕಿ ಬಿತ್ತು. ಆ ಕೊಳಚೆ ಕಣ್ಣಿಗೆ ಕಾಣುವಂಥದು, ಅದರ ಫೋಟೋ ಪೇಪರಿನಲ್ಲಿ ಬರುತ್ತದೆ. ನೆಲದೊಳಗೆ ಹೋಗುವುದಕ್ಕೆ ಫೋಟೋ ಇಲ್ಲ. 2007ರಲ್ಲಿ ಸುತ್ತಲಿನ 110 ಹಳ್ಳಿಗಳನ್ನು ನಗರಕ್ಕೆ ಸೇರಿಸಿದರು. ಅವಕ್ಕೆಂದು ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಈ ಹದಿನೇಳು ವರ್ಷ ಅಲ್ಲಿನ ಜನ ಹೆಚ್ಚಾಗಿ ನೆಚ್ಚಿದ್ದು ಬೋರನ್ನು, ಟ್ಯಾಂಕರನ್ನು. ಗುಂಡಿಗೂ ಬಾವಿಗೂ ಹತ್ತು ಮೀಟರ್ ದೂರ ಇರಬೇಕು ಅಂತ ಹೇಳುತ್ತಾರೆ. ಇಪ್ಪತ್ತಕ್ಕೆ ಮೂವತ್ತು ಅಡಿಯ ಸೈಟಿನ ಉದ್ದವೇ ಒಂಬತ್ತು ಮೀಟರ್. ಬಡವ ಆ ದೂರವನ್ನು ಎಲ್ಲಿಂದ ತರಬೇಕು?

ಹಾಗಾದರೆ ತಪ್ಪು ಯಾರದು? ಎಲ್ಲರದೂ ಅನ್ನುವ ಮಾತು ಕೇಳಲು ಚೆಂದ. ಎಲ್ಲರದೂ ಅಂದರೆ ಯಾರದೂ ಅಲ್ಲ ಅಂತ ಅರ್ಥ. ಯಾರಿಗೆ ಎಷ್ಟು ತಿಳಿದಿದೆ, ಬದಲಿಸುವ ಶಕ್ತಿ ಯಾರಲ್ಲಿ ಎಷ್ಟಿದೆ, ಅಷ್ಟರ ಮಟ್ಟಿಗೆ ಹೊಣೆ ಅಂತ ನಾವು ಹೇಳುತ್ತೇವೆ. ಚರಂಡಿ ಇಲ್ಲದ ಜಾಗವನ್ನು ಸೈಟು ಮಾಡಿ ಮಾರಿದವನಿಗೆ ತಿಳಿದಿತ್ತು. ಕಟ್ಟಿಸಿದ ಕಕ್ಕಸುಗಳ ಲೆಕ್ಕ ಇಟ್ಟು, ಅವುಗಳ ನೀರು ಎಲ್ಲಿ ಹೋಯಿತೆಂದು ಕೇಳದ ಸರ್ಕಾರಕ್ಕೆ ಶಕ್ತಿಯಿತ್ತು. ಬೇರೆ ದಾರಿಯಿಲ್ಲದೆ ಗುಂಡಿ ತೋಡಿದವನ ಹೊಣೆ ಕಡಿಮೆ. ಆದರೆ ಸೊನ್ನೆಯಲ್ಲ. ನಮ್ಮ ಕೇರಿಯ ಗುಂಡಿಯ ಕೆಳಗಡೆಯೂ ಇನ್ಯಾರದೋ ಬಾವಿ ಇರುತ್ತದೆ. ಅದು ತಿಳಿದ ಮೇಲೂ ಸುಮ್ಮನಿದ್ದರೆ ನಾವೂ ಮಡಿವಂತರೇ.

ಇನ್ನೊಂದು ಮಾತು. ಗುಂಡಿ ಖಾಲಿ ಮಾಡದಿದ್ದರೆ ನೀರು ಕೆಡುತ್ತದೆ, ಮನುಷ್ಯನನ್ನು ಇಳಿಸಿ ಖಾಲಿ ಮಾಡಿಸಿದರೆ ಅವನು ಸಾಯುತ್ತಾನೆ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ಒಳಚರಂಡಿಯಲ್ಲಿ ಸತ್ತವರ ಮನೆಗೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟು 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ನೀರು ಉಳಿಯಬೇಕೋ ನಮ್ಮ ಹುಡುಗ ಉಳಿಯಬೇಕೋ ಅಂತ ಕೇಳುವವರ ಪ್ರಶ್ನೆಯೇ ಸುಳ್ಳು. ಯಂತ್ರದಿಂದ ಹೀರಿ ತಂದ ಮಲವನ್ನು ಶುದ್ಧೀಕರಿಸುವ ಘಟಕ ದೇವನಹಳ್ಳಿಯಲ್ಲಿ 2015ರಲ್ಲೇ ಶುರುವಾಯಿತು. ಎರಡೂ ಉಳಿಯಬಲ್ಲವು. ಮನಸ್ಸು ಬೇಕು, ದುಡ್ಡು ಬೇಕು.

1927ರ ಮಾರ್ಚ್ 20ರಂದು ಮಹಾಡಿನಲ್ಲಿ ಬಾಬಾಸಾಹೇಬರು ಚೌಡಾರ್ ಕೆರೆಯ ನೀರು ಮುಟ್ಟಿದರು. ಸವರ್ಣೀಯರು ಆ ಕೆರೆಗೆ ಸಗಣಿ, ಗಂಜಳ ಸುರಿದು ಶುದ್ಧ ಮಾಡಿದರು. ಮಡಿ ನೋಡುವುದು ಮುಟ್ಟಿದ ಕೈಯನ್ನು. ನೀರಿನಲ್ಲಿ ಏನಿದೆ ಅಂತ ಅದು ಯಾವತ್ತೂ ನೋಡಿಲ್ಲ. ಆ ಕೆಲಸ ನಮ್ಮದು. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಮಕ್ಕಳನ್ನು ಕರೆದುಕೊಂಡು ಊರಿನ ಬಾವಿ, ಬೋರುಗಳ ನೀರನ್ನು ಪರೀಕ್ಷೆ ಮಾಡಿಸಿ. ಊರಿನ ನಕ್ಷೆ ಬರೆದು ಯಾವ ಗುಂಡಿ ಎಲ್ಲಿದೆ, ಯಾವ ಬಾವಿ ಎಲ್ಲಿದೆ ಗುರುತು ಹಾಕಿಸಿ. ಆ ನಕ್ಷೆಯನ್ನು ಗ್ರಾಮಸಭೆಯಲ್ಲಿ ಹರಡಿ, ಉತ್ತರ ಕೇಳಿ.