ಮೊದಲೇ ಗೊತ್ತಿದ್ದ ನಷ್ಟ

ಸೊರಬದಿಂದ ಉಳವಿ ಹಾದು ಸಾಗರಕ್ಕೆ ಹೋಗುವ ದಾರಿಯಲ್ಲಿ ಮಳೆಗಾಲದ ಶನಿವಾರ, ಭಾನುವಾರ ಪರವೂರಿನ ವಾಹನಗಳು ಹೆಚ್ಚುತ್ತವೆ. ಕೆಲವು ಜೋಗಕ್ಕೆ, ಕೆಲವು ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ. ಉಳವಿ ಪ್ರವಾಸದ ಊರಲ್ಲ. ಆದರೂ ಆ ವಾಹನಗಳ ಹಿಂದೆ ನಮ್ಮ ಸೀಮೆಯ ಬೆಳೆಯೂ ಹೋಗುತ್ತದೆ. ಆನವಟ್ಟಿ, ಬನವಾಸಿ ಕಡೆಯ ಅನಾನಸು, ಸೊರಬದ ಹೊಲಗಳ ಮೆಕ್ಕೆಜೋಳದ ತೆನೆ ಇವೆಲ್ಲ ಯಾರೋ ಒಬ್ಬರ ಗಾಡಿಯ ಮೇಲೆ ಉಪ್ಪು ಖಾರ ಸವರಿಸಿಕೊಂಡು ಪ್ರವಾಸಿಯ ಕೈಗೆ ಸೇರುತ್ತವೆ. ಪ್ರವಾಸಿ ಬಾರದ ವಾರ ಆ ಗಾಡಿಯಲ್ಲಿ ಬೋಣಿಯಾಗುವುದಿಲ್ಲ. ಹಣ್ಣು ಕೊಟ್ಟವರ ಬಾಕಿ ಮುಂದಿನ ವಾರಕ್ಕೆ ಹೋಗುತ್ತದೆ.

ಮಳೆ ಕೈಕೊಟ್ಟರೆ ಈ ಗಾಡಿಯ ಜನ ಯಾರನ್ನೂ ದೂರುವುದಿಲ್ಲ. ಜೋಗದ ವ್ಯಾಪಾರ ನಿಂತಿರುವುದೇ ನೀರಿನ ಮೇಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿ ಧುಮುಕುವ ದಿನಗಳು ಕೆಲವೇ. ಆ ದಿನಗಳಲ್ಲಿ ದುಡಿದದ್ದನ್ನೇ ಬೇಸಿಗೆಯುದ್ದಕ್ಕೂ ಹಂಚಿಕೊಂಡು ತಿನ್ನಬೇಕು. ರೋಗ ಬಂದಾಗಲೂ ಹಾಗೆಯೇ ಸಹಿಸಿಕೊಂಡರು. 2020ರ ಮಾರ್ಚ್‌ನಲ್ಲಿ ಮುಚ್ಚಿದ ದೇವಸ್ಥಾನಗಳ ಬಾಗಿಲು ಜೂನ್‌ನಲ್ಲಿ ತೆರೆಯಿತು. ತೆರೆದರೂ ತೀರ್ಥ ಪ್ರಸಾದ ಕೊಡುವಂತಿಲ್ಲ ಎಂಬ ನಿಯಮವಿತ್ತು. ದೇವರು ಸಿಕ್ಕರು, ಆದರೆ ಗುಡಿಯೆದುರು ತೆಂಗಿನಕಾಯಿ, ಹೂವು ಇಟ್ಟುಕೊಂಡು ಕೂತ ಹೆಂಗಸಿಗೆ ಗಿರಾಕಿ ಸಿಗಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ, ಶಿಕಾರಿಪುರದ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಬೀದಿಬದಿ ವ್ಯಾಪಾರಿಗಳಿಗೆ ತಲಾ 2,000 ರೂಪಾಯಿ ಪರಿಹಾರ ಘೋಷಣೆಯಾಯಿತು. ಆ ಹಣ ಎಷ್ಟು ದಿನದ ಅಕ್ಕಿಗೆ ಸಾಕು ಎಂದು ಲೆಕ್ಕ ಹಾಕುವುದು ಸುಲಭ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಇವರೂ ದುಡಿಮೆಗಾರರು, ಇವರಿಗೂ ನಷ್ಟವಾಗುತ್ತದೆ ಎಂದು ಸರ್ಕಾರದ ಕಾಗದದ ಮೇಲೆ ಆಗ ಬರೆಯಲಾಯಿತು.

ಆದರೆ ಮಳೆಗೂ ರೋಗಕ್ಕೂ ಸೇರದ ಇನ್ನೊಂದು ಬಗೆಯ ನಷ್ಟವಿದೆ. ಅದು ಆಕಾಶದಿಂದ ಬೀಳುವುದಿಲ್ಲ, ಯಾವುದೋ ಕಚೇರಿಯಲ್ಲಿ ದಿನಾಂಕ ಹಾಕಿಸಿಕೊಂಡು ಬರುತ್ತದೆ. 2025ರ ಜನವರಿ 1ರಿಂದ ಮಾರ್ಚ್ 15ರವರೆಗೆ ಜೋಗಕ್ಕೆ ಪ್ರವಾಸಿಗರು ಬರಕೂಡದು ಎಂದು ಜಿಲ್ಲಾಡಳಿತ ಆದೇಶಿಸಿತು. ಮುಖ್ಯದ್ವಾರದ ಕಾಮಗಾರಿ ನಡೆಯಬೇಕಿತ್ತು. ಕೆಲಸ ಬೇಕಾದದ್ದೇ. ನೀರು ಕಡಿಮೆಯಿರುವ ತಿಂಗಳುಗಳನ್ನು ಆರಿಸಿಕೊಂಡದ್ದರಲ್ಲೂ ವಿವೇಕವಿದೆ. ಆದರೂ ಜನವರಿ ಎಂದರೆ ಶಾಲಾ ಪ್ರವಾಸದ ತಿಂಗಳು. ಐದು ಹತ್ತು ರೂಪಾಯಿಯ ಚುರುಮುರಿಗೆ, ಉಪ್ಪು ಹಚ್ಚಿದ ಮಾವಿನಕಾಯಿಗೆ ಮುಗಿಬೀಳುವವರು ಆ ಮಕ್ಕಳೇ. ದೊಡ್ಡ ಹೋಟೆಲಿನವರಿಗೆ ಅದು ಮಂದ ಕಾಲವಾದರೆ ಗಾಡಿಯವರಿಗೆ ಅದೇ ಚಿಲ್ಲರೆಯ ಕಾಲ. ದಿನಾಂಕ ಗೊತ್ತು ಮಾಡುವವರ ಮೇಜಿನ ಮೇಲೆ ಈ ಮಾತು ಬರಬೇಕಾದರೆ, ಅದನ್ನು ಹೇಳಬಲ್ಲವರನ್ನು ಯಾರಾದರೂ ಒಳಗೆ ಕರೆದಿರಬೇಕು.

ಇದಕ್ಕಿಂತ ನನ್ನನ್ನು ಹೆಚ್ಚು ಕಲಕಿದ್ದು ಹೊಳೆಬಾಗಿಲು, ಸಿಗಂದೂರಿಗೆ ಹೋಗುವವರು ಲಾಂಚು ಹತ್ತುತ್ತಿದ್ದ ದಡ. ಶರಾವತಿಗೆ ಕಟ್ಟೆ ಕಟ್ಟಿದಾಗ ಹಿನ್ನೀರಿನ ಆಚೆ ಉಳಿದ ತುಮರಿ, ಕರೂರು ಸೀಮೆಯ ಜನ ಆರು ದಶಕ ಲಾಂಚನ್ನೇ ನಂಬಿ ಬದುಕಿದರು. ಹೆರಿಗೆ ನೋವು ಬಂದರೆ ಲಾಂಚು, ಕಾಲೇಜಿಗೆ ಲಾಂಚು, ಬೇಸಿಗೆಯಲ್ಲಿ ನೀರಿಳಿದರೆ ಅದಕ್ಕೂ ತೊಡಕು. ನಾಡಿಗೆಲ್ಲ ಬೆಳಕು ಕೊಡಲು ಭೂಮಿ ಕಳೆದುಕೊಂಡ ಆ ಜನ ಸೇತುವೆಗಾಗಿ ವರ್ಷಗಟ್ಟಲೆ ಕೂಗಿದರು. 2018ರಲ್ಲಿ ಶಂಕುಸ್ಥಾಪನೆಯಾಯಿತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯನ್ನು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಎರಡು ಕಿಲೋಮೀಟರಿಗೂ ಉದ್ದದ, ಕೇಬಲ್ ಆಧಾರಿತ ಸೇತುವೆ ಅದು. ಆ ದಿನ ಹಿನ್ನೀರಿನ ಆಚೆಯವರಿಗಾದ ಸಂತೋಷದಲ್ಲಿ ಒಂದು ಎಳೆಯೂ ಸುಳ್ಳಲ್ಲ.

ಆದರೆ ಲಾಂಚಿನ ದಡದಲ್ಲಿ ಚಹಾ, ಬಜ್ಜಿ, ಸೌತೆಕಾಯಿ ಮಾರುತ್ತಿದ್ದವರದ್ದು ಕಾಯುವವರನ್ನು ನಂಬಿದ ವ್ಯಾಪಾರ. ಸಿಗಂದೂರಿಗೆ ಹೊರಟವರು ರಜಾದಿನಗಳಲ್ಲಿ ಸರದಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಹೊಟ್ಟೆ ಹಸಿಯುತ್ತಿತ್ತು, ಮಕ್ಕಳು ಹಟ ಮಾಡುತ್ತಿದ್ದವು, ಅಂಗಡಿಯ ಒಲೆ ಉರಿಯುತ್ತಿತ್ತು. ಈಗ ಸಿಗಂದೂರಿಗೆ ಭಕ್ತರು ಕಡಿಮೆಯಾಗಿಲ್ಲ. ಕಾಯುವ ಹೊತ್ತು ಮಾತ್ರ ಇಲ್ಲವಾಗಿದೆ. ಪ್ರವಾಸೋದ್ಯಮದ ಲೆಕ್ಕದಲ್ಲಿ ಇದು ಇಳಿತವೇ ಅಲ್ಲ, ಏರಿಕೆ. ಒಂದೇ ದಾರಿಯಲ್ಲಿ ಜನ ಹೆಚ್ಚಾಗಿ, ಅದೇ ದಾರಿಯ ಅಂಗಡಿ ಖಾಲಿಯಾಗುವ ಈ ಬಗೆಯ ನಷ್ಟಕ್ಕೆ ನಮ್ಮ ಯಾವ ಪಟ್ಟಿಯಲ್ಲೂ ಜಾಗವಿಲ್ಲ.

ದಡದ ಅಂಗಡಿಯವರ ಕಷ್ಟ ಇನ್ನೂ ಸೂಕ್ಷ್ಮ. ಅವರು ಸೇತುವೆ ಬೇಡ ಎನ್ನಲಾರರು. ಅವರ ನೆಂಟರಿಷ್ಟರೇ ಆಚೆ ದಡದಲ್ಲಿರಬಹುದು. ನ್ಯಾಯವಾದ ಕೆಲಸದಿಂದ ಹೊಟ್ಟೆಗೆ ಪೆಟ್ಟು ಬಿದ್ದವರು ಗಟ್ಟಿಯಾಗಿ ಅಳುವುದೂ ಕಷ್ಟ. ಅತ್ತರೆ ಸ್ವಾರ್ಥಿಗಳಂತೆ ಕಾಣುತ್ತಾರೆ. ಅವರು ಬಾಯಿಬಿಡಲಾರರು ಎಂದೇ ಆ ಮಾತನ್ನು ಉಳಿದವರು ಆಡಬೇಕು ಎಂದು ನಾನು ನಂಬಿದ್ದೇನೆ. ಶಂಕುಸ್ಥಾಪನೆಗೂ ಉದ್ಘಾಟನೆಗೂ ನಡುವೆ ಏಳು ವರ್ಷಗಳಿದ್ದವು. ಲಾಂಚು ನಿಲ್ಲುವ ದಿನ ಈ ಅಂಗಡಿಗಳೂ ನಿಲ್ಲುತ್ತವೆ ಎಂದು ತಿಳಿಯಲು ಯಾವ ಅಧ್ಯಯನವೂ ಬೇಕಿರಲಿಲ್ಲ. ಸೇತುವೆಯ ಬಾಯಿಯಲ್ಲಿ, ವಾಹನ ನಿಲ್ಲಲು ಸುರಕ್ಷಿತವಾದ ಕಡೆ, ಹಳೆಯ ಅಂಗಡಿಯವರಿಗೇ ಮೊದಲ ಹಕ್ಕು ಕೊಟ್ಟು ನಾಲ್ಕು ಮಳಿಗೆ ಹಾಕುವ ಖರ್ಚು, ನೂರಾರು ಕೋಟಿಯ ಆ ಕೆಲಸದಲ್ಲಿ ಕಣ್ಣಿಗೂ ಬೀಳುತ್ತಿರಲಿಲ್ಲ.

ಕಾನೂನಿನ ಕೈಯೂ ಇಲ್ಲಿಯವರೆಗೆ ಚಾಚುವುದಿಲ್ಲ. ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಿಸುವ 2014ರ ಕಾಯ್ದೆ ವ್ಯಾಪಾರಿಗಳ ಸಮೀಕ್ಷೆ ಆಗಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಜಾಗ ಅವರಿಗೇ ಸಿಗಬೇಕು ಎನ್ನುತ್ತದೆ. ಒಳ್ಳೆಯ ಕಾಯ್ದೆ. ಆದರೆ ಅದು ನಗರ, ಪಟ್ಟಣಗಳ ಆಡಳಿತಕ್ಕೆ ಬರೆದದ್ದು. ಗ್ರಾಮ ಪಂಚಾಯಿತಿಯ ಮಣ್ಣಿನಲ್ಲಿರುವ ಹೊಳೆಯ ದಡದವರು, ಗುಡಿಯ ದಾರಿಯವರು, ಘಾಟಿಯ ತಿರುವಿನವರು ಅದರ ಹೊರಗೇ ಉಳಿದಿದ್ದಾರೆ. ಮಲೆನಾಡಿನ ಪ್ರವಾಸ ನಡೆಯುವುದೇ ಅಂಥ ಜಾಗಗಳಲ್ಲಿ.

ಅದೇ ಹಿನ್ನೀರಿನ ಇನ್ನೊಂದು ಕಡೆ, ಹಸಿರುಮಕ್ಕಿಯಲ್ಲೂ ಲಾಂಚಿದೆ, ಅಲ್ಲಿಗೂ ಸೇತುವೆ ಮಂಜೂರಾಗಿದೆ. ಅದು ಬೇಗ ಮುಗಿಯಲಿ, ಮುಗಿಯಲೇಬೇಕು. ಆ ದಡದಲ್ಲಿ ಯಾರು ಯಾರು ಏನು ಮಾರುತ್ತಾರೆ, ಎಷ್ಟು ವರ್ಷದಿಂದ, ಅವರ ಮನೆಯಲ್ಲಿ ಬೇರೆ ದುಡಿಮೆ ಇದೆಯೇ ಎಂಬುದನ್ನು ಪಂಚಾಯಿತಿಯ ಒಬ್ಬರೇ ಒಬ್ಬರು ನಿಂತು ಒಂದು ಬೆಳಗಿನಲ್ಲಿ ಬರೆದುಕೊಳ್ಳಬಹುದು. ಆ ಒಂದು ಹಾಳೆ ಸೇತುವೆಯ ಕಡತಕ್ಕೆ ಸೇರಬೇಕು. ಉದ್ಘಾಟನೆಯ ದಿನ ಗೊತ್ತು ಮಾಡುವ ಮೊದಲು ಯಾರಾದರೂ ಅದನ್ನು ಓದಬೇಕು.