ಯಂತ್ರದ ಧಾರಣೆಯೂ ನ್ಯಾಸದ ಧರ್ಮವೂ

ಮತಿಜ್ಞಾನವು ಅವಗ್ರಹ, ಈಹೆ, ಅವಾಯ, ಧಾರಣೆ ಎಂಬ ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಇದಕ್ಕೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ದೃಷ್ಟಾಂತ ಸರಳವಾದುದು. ದೂರದಲ್ಲಿ ಬಿಳಿಯ ಬಣ್ಣ ತೋರುವುದು ಅವಗ್ರಹ. ಅದು ಬೆಳ್ಳಕ್ಕಿಯೋ ಪತಾಕೆಯೋ ಎಂದು ವಿಶೇಷವನ್ನು ತಿಳಿಯಬಯಸುವುದು ಈಹೆ. ರೆಕ್ಕೆಯ ಬಡಿತವನ್ನು ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ಹಾಗೆ ನಿಶ್ಚಿತವಾದುದನ್ನು ಕಾಲಾಂತರದಲ್ಲಿಯೂ ಮರೆಯದಿರುವುದಕ್ಕೆ ಕಾರಣವಾದುದು ಧಾರಣೆ.

ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೂ ಈಗ ಇಂತಹ ಧಾರಣೆಯನ್ನು ನಿರ್ಮಿಸುವ ಕಾರ್ಯ ಭರದಿಂದ ಸಾಗಿದೆ. ಭಾಷಾಮಾದರಿಯೊಂದು ತನ್ನ ತರಬೇತಿ ಮುಗಿದ ಮೇಲೆ, ಬಳಕೆದಾರನು ಆಡಿದ ಮಾತನ್ನು ತಾನಾಗಿ ಉಳಿಸಿಕೊಳ್ಳುವುದಿಲ್ಲ. ಆ ಹೊತ್ತಿಗೆ ಅದರ ಮುಂದಿರಿಸಿದ ಬರಹವಷ್ಟೇ ಅದಕ್ಕೆ ಗೋಚರ. ಆದುದರಿಂದ ಸಂಭಾಷಣೆಯಿಂದ ಆಯ್ದ ಸಂಗತಿಗಳನ್ನು ಹೊರಗಿನ ಸಂಗ್ರಹದಲ್ಲಿ ಬರೆದಿಟ್ಟು, ಮುಂದೆ ಪ್ರಶ್ನೆ ಬಂದಾಗ ಅರ್ಥದಲ್ಲಿ ಸಮೀಪವಾದುವನ್ನು ಹುಡುಕಿ ತೆಗೆದು ಅದರ ಮುಂದೆ ಇಡುತ್ತಾರೆ. ನೆನಪಿಲ್ಲದ ಗುಮಾಸ್ತನಿಗೆ ನಿತ್ಯವೂ ಅಂಗಡಿ ತೆರೆದೊಡನೆ ಖಾತೆಪುಸ್ತಕ ಓದಿಸಿದಂತೆ.

ದೋಷ ಹೊಗುವುದು ಕಿರ್ದಿಯಿಂದ ಖಾತೆಗೆ ಇಳಿಸುವಾಗ. ಮಧುಮೇಹದ ಪಥ್ಯವೇನೆಂದು ಒಬ್ಬನು ತನ್ನ ತಾಯಿಗಾಗಿ ಕೇಳುತ್ತಾನೆ. ‘ಈತನಿಗೆ ಮಧುಮೇಹವಿದೆ’ ಎಂದು ಸಂಗ್ರಹದಲ್ಲಿ ದಾಖಲಾಗಿಬಿಡಬಹುದು. ಈಹೆಯ ಹಂತದಲ್ಲಿಯೇ ಇದ್ದುದು ಅವಾಯವಿಲ್ಲದೆ ಧಾರಣೆಯಾಯಿತು. ಒಬ್ಬನು ಹೇಳದುದನ್ನು ಅವನು ಹೇಳಿದನೆಂದು ಬರೆಯುವುದು ಕೂಟಲೇಖಕ್ರಿಯೆ, ಸತ್ಯಾಣುವ್ರತದ ಅತಿಚಾರ. ಇಲ್ಲಿ ವಂಚಿಸುವ ಉದ್ದೇಶವಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಉದ್ದೇಶವಿಲ್ಲದಿದ್ದರೂ ಪ್ರಮಾದವಿದೆ, ಪ್ರಮಾದವನ್ನು ಲಘುವೆಂದು ಎಣಿಸುವ ಮತವಲ್ಲ ಇದು.

ಹಾಗಾದರೆ ಯಂತ್ರಕ್ಕೆ ಮರೆವೇ ಲೇಸೆ? ಮರೆವನ್ನು ಮನುಷ್ಯನಿಗೆ ದೊರೆತ ವರವೆಂದು ಹೊಗಳುವವರಿದ್ದಾರೆ. ಜೈನನಿಗೆ ಹಾಗೆನ್ನುವುದು ಸುಲಭವಲ್ಲ. ಮರೆವು ಜ್ಞಾನಾವರಣದ ಫಲ. ಕೇವಲಿಯು ಮೂರು ಕಾಲಗಳ ಸಮಸ್ತವನ್ನೂ ಅರಿಯುತ್ತಾನೆ, ಆ ಅರಿವಿನಿಂದ ಯಾರಿಗೂ ಭಯವಿಲ್ಲ. ಏಕೆ ಭಯವಿಲ್ಲ? ಕರ್ಮಕ್ಷಯದ ಕ್ರಮವನ್ನು ನೋಡಬೇಕು. ಮೊದಲು ಮೋಹನೀಯವು ಪೂರ್ಣವಾಗಿ ಕ್ಷಯಿಸುತ್ತದೆ. ಕ್ಷೀಣಮೋಹವೆಂಬ ಹನ್ನೆರಡನೆಯ ಗುಣಸ್ಥಾನವನ್ನೇರಿದ ಮೇಲೆಯೇ ಜ್ಞಾನಾವರಣ, ದರ್ಶನಾವರಣ, ಅಂತರಾಯಗಳು ಅಳಿದು ಕೇವಲಜ್ಞಾನ ಉದಿಸುತ್ತದೆ. ವೀತರಾಗತೆ ಮೊದಲು, ಸರ್ವಜ್ಞತೆ ಅನಂತರ. ಇಂದಿನ ಉದ್ಯಮದಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಲೋಭವು ಇದ್ದಲ್ಲಿಯೇ ಇರುತ್ತಾ ಅರಿವು ಮಾತ್ರ ರಾಶಿಯಾಗುತ್ತಿದೆ.

ಗೃಹಸ್ಥನಿಗೂ ವರ್ತಕನಿಗೂ ವೀತರಾಗತೆ ದೂರದ ಮಾತು. ಅದನ್ನು ಬಲ್ಲ ಆಚಾರ್ಯರು ಅಂಥವರಿಗೆ ಅಣುವ್ರತಗಳನ್ನು ವಿಧಿಸಿದರು. ಕೂಟಲೇಖದೊಡನೆಯೇ ಎಣಿಸಲಾದ ಇನ್ನೊಂದು ಅತಿಚಾರ ನ್ಯಾಸಾಪಹಾರ, ಎಂದರೆ ಇಟ್ಟ ಒತ್ತೆಯ ಅಪಹರಣ. ಸಾಮಾನ್ಯ ಕಳ್ಳತನವಾಗಿದ್ದರೆ ಅದು ಅಚೌರ್ಯದಲ್ಲಿ ಸೇರಬೇಕಿತ್ತು. ಆದರೆ ಪೂಜ್ಯಪಾದರು ವಿವರಿಸುವ ಸಂದರ್ಭವೇ ಬೇರೆ. ಹಣವನ್ನು ಒಪ್ಪಿಸಿ ಹೋದವನು ಎಣಿಕೆಯನ್ನು ಮರೆತು, ಇಟ್ಟುದಕ್ಕಿಂತ ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹಾಗೆಯೇ ಆಗಲಿ’ ಎಂದು ಅಷ್ಟನ್ನೇ ಕೊಡುತ್ತಾನೆ. ಕೇಳಿದುದನ್ನು ಕೊಟ್ಟಿದ್ದಾನೆ, ಸುಳ್ಳು ಹೇಳಿದಂತೆಯೂ ಕಾಣುವುದಿಲ್ಲ. ಆದರೂ ಸತ್ಯವ್ರತಕ್ಕೆ ಭಂಗ ಬಂದಿತು, ಏಕೆಂದರೆ ಒಬ್ಬನ ಮರೆವು ಇನ್ನೊಬ್ಬನ ಲಾಭವಾಯಿತು.

ಯಂತ್ರದ ಮುಂದೆ ರೋಗ, ಸಾಲ, ದಾಂಪತ್ಯದ ಕಲಹಗಳನ್ನು ಹೇಳಿಕೊಳ್ಳುವವನು ಇಡುವುದು ಇಂತಹ ನ್ಯಾಸವನ್ನೇ. ಇಟ್ಟವನು ಮರೆಯುತ್ತಾನೆ, ಸಂಗ್ರಹವು ಮರೆಯುವುದಿಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ತನ್ನ ಮಾಹಿತಿಯನ್ನು ಅಳಿಸೆಂದು ಕೇಳುವ ಹಕ್ಕನ್ನು ಕೊಟ್ಟಿದೆ. ಆದರೆ ಏನನ್ನು ಇಟ್ಟೆನೆಂಬುದನ್ನೇ ಮರೆತವನು ಏನೆಂದು ಕೇಳಿಯಾನು? 2024ರ ಫೆಬ್ರವರಿಯಲ್ಲಿ ಓಪನ್‌ಎಐ ಸಂಸ್ಥೆಯು ಚಾಟ್‌ಜಿಪಿಟಿಗೆ ನೆನಪಿನ ಸೌಕರ್ಯವನ್ನು ಸೇರಿಸಿದಾಗ, ಸಂಭಾಷಣೆಯನ್ನು ಅಳಿಸಿದ ಮಾತ್ರಕ್ಕೆ ಅದರಿಂದ ಉಳಿಸಿಕೊಂಡ ನೆನಪು ಅಳಿಯುವುದಿಲ್ಲ, ಅದನ್ನು ಬೇರೆಯಾಗಿಯೇ ಅಳಿಸಬೇಕು ಎಂದು ತಿಳಿಸಿತ್ತು. ಬಹಿರಂಗವಾಗಿ ತಿಳಿಸಿದುದರಿಂದ ಇದನ್ನು ಅಪಹಾರವೆನ್ನಲಾಗದು. ಆದರೆ ಸಂಭಾಷಣೆಯನ್ನು ಅಳಿಸುವವನ ಮನಸ್ಸಿನಲ್ಲಿ ಇರುವುದು ಇಟ್ಟುದೆಲ್ಲವನ್ನೂ ಮರಳಿ ಪಡೆದೆನೆಂಬ ನಂಬಿಕೆ. ನ್ಯಾಸವನ್ನು ಕಾಪಾಡುವ ವರ್ತಕನಾಗಿದ್ದರೆ, ಕಡಿಮೆ ಕೇಳಿದವನನ್ನು ಬಾಗಿಲಲ್ಲಿಯೇ ನಿಲ್ಲಿಸಿ ಖಾತೆಯ ಪುಟವನ್ನು ತೆರೆದು, ‘ನಿಮ್ಮದು ಇನ್ನೂ ಇಷ್ಟಿದೆ, ನೋಡಿಕೊಳ್ಳಿ’ ಎನ್ನುತ್ತಿದ್ದನು.