ರಿಪೋರ್ಟಿನಲ್ಲಿ ಕಾಣದ ನೋವು



ಧಮ್ಮಬಂಧುಗಳೇ, ಇಂದಿನ ಚಿಂತನೆಗೆ ಒಂದು ಪ್ರಶ್ನೆ. ಎದುರಿಗಿರುವವರು "ನೋಯುತ್ತಿದೆ" ಎನ್ನುತ್ತಾರೆ, ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ಆಗ ಅವರನ್ನು ನಂಬುವುದು ನಮ್ಮ ಕರ್ತವ್ಯವೋ, ಬರೀ ದಾಕ್ಷಿಣ್ಯವೋ?

ನನಗೆ ಅಪೆಂಡಿಕ್ಸ್ ಆಪರೇಷನ್ ಆಗಿ ಒಂದೂವರೆ ವರ್ಷವಾಯಿತು. ಹೊಲಿಗೆ ಒಣಗಿತು, ಶಾಲೆಗೂ ಹೋಗತೊಡಗಿದೆ. ಆದರೆ ಬಲಗಡೆ ಕಿಬ್ಬೊಟ್ಟೆಯಲ್ಲಿ, ಕಲೆಯ ಪಕ್ಕದಲ್ಲೇ, ಒಂದು ಬೆರಳು ಇಡುವಷ್ಟು ಜಾಗದಲ್ಲಿ ನೋವು ಉಳಿದುಬಿಟ್ಟಿತು. ಬೋರ್ಡಿನ ಮೇಲ್ತುದಿಯಲ್ಲಿ ಬರೆಯಲು ಕೈ ಎತ್ತಿದರೆ, ಬಸ್ಸಿನ ಮೆಟ್ಟಿಲು ಹತ್ತಿದರೆ ಚುಚ್ಚುತ್ತಿತ್ತು. ಎರಡು ಸಲ ಸ್ಕ್ಯಾನ್ ಮಾಡಿಸಿದೆ. ಎಲ್ಲವೂ ನಾರ್ಮಲ್. ನಾರ್ಮಲ್ ಎಂದು ಬಂದ ದಿನದಿಂದ ಸುತ್ತಲಿನವರ ಮಾತಿನ ಧಾಟಿಯೇ ಬದಲಾಯಿತು. ಆಸ್ಪತ್ರೆಯಲ್ಲಿ "ಗ್ಯಾಸ್ ಇರಬೇಕು ಮೇಡಂ, ಟೆನ್ಷನ್ ಮಾಡ್ಕೋಬೇಡಿ" ಎಂದರು. ಪಕ್ಕದ ಮನೆಯ ಅಜ್ಜಿ "ಹಿಂದಿನ ಜನ್ಮದ್ದು ಕಣಮ್ಮ, ಅನುಭವಿಸೇ ಕಳೀಬೇಕು" ಎಂದರು. ನಮ್ಮ ಬಳಗದವರೇ ಒಬ್ಬರು, ಪ್ರೀತಿಯಿಂದಲೇ, ಎರಡು ಬಾಣಗಳ ಸುತ್ತವನ್ನು ನೆನಪಿಸಿದರು. ಮೈಗೆ ತಗಲುವುದು ಮೊದಲ ಬಾಣ, ಅದಕ್ಕಾಗಿ ಮನಸ್ಸು ಗೋಳಾಡುವುದು ಎರಡನೆಯ ಬಾಣ, ಆ ಎರಡನೆಯದನ್ನು ಬಿಟ್ಟುಬಿಡಿ ಅಕ್ಕ ಎಂದರು.

ಮೂರು ಬಾಯಿಂದ ಬಂದ ಮೂರು ಮಾತು. ಆದರೆ ಯಾರೂ "ಎಲ್ಲಿ ನೋಯುತ್ತೆ, ತೋರಿಸು" ಎನ್ನಲಿಲ್ಲ.

ಅಜ್ಜಿಯ ಮಾತಿಗೆ ಉತ್ತರ ಹಳೆಯದು. ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಇದನ್ನೇ ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ? ಭಗವಾನರು ಪಿತ್ತ, ಕಫ, ವಾತ, ಈ ಮೂರರ ಕೂಡಾಟ, ಹವೆಯ ಬದಲಾವಣೆ, ದೇಹದ ಬಗ್ಗೆ ಅಜಾಗ್ರತೆ, ಹೊರಗಿನ ಪೆಟ್ಟು ಎಂದು ಒಂದೊಂದಾಗಿ ಎಣಿಸುತ್ತಾರೆ. ಕರ್ಮಫಲ ಬರುವುದು ಎಂಟನೆಯದಾಗಿ, ಕೊನೆಗೆ. ಎಲ್ಲವೂ ಹಿಂದಿನ ಕರ್ಮವೆನ್ನುವವರು ತಾವೇ ಕಂಡು ತಿಳಿದದ್ದನ್ನೂ ಲೋಕ ನಿಜವೆಂದು ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ ಎಂಬುದು ಅವರ ಆಕ್ಷೇಪ. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಇನ್ನೂ ಮುಂದೆ ಹೋದರು. ಬಡವರ, ದಲಿತರ ಸ್ಥಿತಿಗೆ ಸಮಾಜ ಹೊಣೆಯಲ್ಲವೆಂದು ಜಾರಿಕೊಳ್ಳಲು ಪೂರ್ವಜನ್ಮದ ಕರ್ಮ ಎಷ್ಟು ಅನುಕೂಲವೆಂದು ತೋರಿಸಿದರು.

ಬಾಣದ ಮಾತು ಮಾತ್ರ ನನ್ನನ್ನು ಹೆಚ್ಚು ದಿನ ಕಾಡಿತು, ಅದು ನಮ್ಮದೇ ಆದ್ದರಿಂದ. ಆ ಸುತ್ತ ಮೊದಲ ಬಾಣವನ್ನು ಎಲ್ಲೂ ಅಲ್ಲಗಳೆಯುವುದಿಲ್ಲ. ಆರ್ಯಶ್ರಾವಕನಿಗೂ ಮೈ ನೋಯುತ್ತದೆ. ಸ್ವತಃ ಭಗವಾನರೇ ಬೆನ್ನು ನೋಯುತ್ತಿದೆಯೆಂದು, ಉಪದೇಶವನ್ನು ಒಮ್ಮೆ ಸಾರಿಪುತ್ತರಿಗೆ, ಇನ್ನೊಮ್ಮೆ ಆನಂದರಿಗೆ ವಹಿಸಿ ಮಲಗಿದ್ದುಂಟು. ಎರಡನೆಯ ಬಾಣವನ್ನು ನನ್ನ ಮನಸ್ಸಿನಲ್ಲಿ ನಾನೇ ಹುಡುಕಿಕೊಂಡರೆ ಅದು ಸಾಧನೆ. ಬೇರೆಯವರು ನನ್ನಲ್ಲಿ ಹುಡುಕಿಕೊಟ್ಟರೆ ಬಾಯಿ ಮುಚ್ಚಿಸಿದಂತೆ.

ಇದು ನಮಗೆ ಹೊಸದೇನಲ್ಲ. "ಈಗೆಲ್ಲಿದೆ ಜಾತಿ? ಎಲ್ಲಾ ನಿಮ್ಮ ಮನಸ್ಸಿನಲ್ಲಿದೆ" ಎಂದು ಸ್ಟಾಫ್ ರೂಮಿನಲ್ಲಿ ಕೇಳಿಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಅವರ ಸ್ಕ್ಯಾನಿನಲ್ಲೂ ಎಲ್ಲವೂ ನಾರ್ಮಲ್ಲೇ.

ಹಾಗಾದರೆ ಹೇಳಿದ್ದನ್ನೆಲ್ಲ ನಂಬಬೇಕೇ? ಟೀಚರ್ ಆದ ನನಗೆ ಈ ಅನುಮಾನ ಬಂದೇ ಬರುತ್ತದೆ. ಗಣಿತದ ಟೆಸ್ಟಿನ ದಿನ ಎಷ್ಟು ಹೊಟ್ಟೆನೋವು! ಆದರೆ ಲೆಕ್ಕ ಹಾಕಿ ನೋಡಿ. ಸುಳ್ಳನ್ನು ನಂಬಿದರೆ ಹೋಗುವುದು ಒಂದು ಪೀರಿಯಡ್. ನಿಜವನ್ನು ನಂಬದಿದ್ದರೆ? ಅಪೆಂಡಿಕ್ಸ್ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗಿ ಆಮೇಲೆ ಬಲಗಡೆ ಕೆಳಗಿಳಿಯುತ್ತದೆ. ತಡಮಾಡಿದರೆ ಒಳಗೇ ಒಡೆಯಬಹುದು. ಮೊದಲು ನಂಬಿ ಆಮೇಲೆ ಪರೀಕ್ಷಿಸುವುದರಲ್ಲಿ ದಡ್ಡತನವೇನಿಲ್ಲ. ನಂಬಿದರೆ ತಾನೇ ಪರೀಕ್ಷೆ ಶುರುವಾಗುವುದು.

ನನಗೂ ಆದದ್ದು ಹಾಗೆಯೇ. ಬೇರೊಂದು ಕಡೆ ಒಬ್ಬ ಯುವ ವೈದ್ಯೆ ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು ಮಲಗಿಸಿದಳು. ಆ ಜಾಗದ ಮೇಲೆ ಬೆರಳಿಟ್ಟು "ತಲೆ ಎತ್ತಿ ಅಮ್ಮ" ಎಂದಳು. ಹೊಟ್ಟೆ ಬಿಗಿಯಾಯಿತು, ನೋವು ಹೆಚ್ಚಾಯಿತು. ನೋವು ಒಳಗಿನ ಕರುಳಿನದಾಗಿದ್ದರೆ ಬಿಗಿದ ಸ್ನಾಯು ಮರೆಯಾಗಿ ಸಾಮಾನ್ಯವಾಗಿ ಕಡಿಮೆಯಾಗುತ್ತದಂತೆ. ಹೆಚ್ಚಾದರೆ ಅದು ಹೊಟ್ಟೆಯ ಗೋಡೆಯದ್ದೇ ಇರಬೇಕು. ಗಾಯ ಮಾಗುವಾಗ ಸಣ್ಣ ನರವೊಂದು ಕಲೆಯಲ್ಲಿ ಸಿಕ್ಕಿಕೊಂಡಿರಬಹುದು, ಇಂಥದ್ದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ ಎಂದಳು. ಜಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಳು. ಅರ್ಧದಷ್ಟು ಇಳಿದಿದೆ. ಉಳಿದರ್ಧ ಇದೆ. ಅದಕ್ಕೆ ಆನಾಪಾನ ಮಾಡುತ್ತೇನೆ, ಪ್ರಯೋಜನವೂ ಆಗುತ್ತಿದೆ.

ಭಾನುವಾರ ವಿಹಾರದಲ್ಲಿ ವಿನಯದ ಮಹಾವಗ್ಗದಿಂದ ಒಂದು ಪ್ರಸಂಗ ಓದೋಣ ಎಂದುಕೊಂಡಿದ್ದೇನೆ. ಅದೂ ಹೊಟ್ಟೆಯದ್ದೇ ಕಾಯಿಲೆ. ಭೇದಿಯಾಗಿ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ ಭಿಕ್ಷುವೊಬ್ಬನನ್ನು ಭಗವಾನರು ಕಾಣುತ್ತಾರೆ. ಕೇಳುವುದು ಮೂರೇ ಪ್ರಶ್ನೆ. ನಿನಗೇನು ಕಾಯಿಲೆ? ನೋಡಿಕೊಳ್ಳುವವರಿದ್ದಾರೆಯೇ? ಯಾಕಿಲ್ಲ? ತನ್ನಿಂದ ಬೇರೆ ಭಿಕ್ಷುಗಳಿಗೆ ಯಾವ ಉಪಯೋಗವೂ ಇಲ್ಲ, ಅದಕ್ಕೇ ಯಾರೂ ಬರುವುದಿಲ್ಲ ಎನ್ನುತ್ತಾನೆ ಆತ. ಭಗವಾನರು ಆನಂದರಿಗೆ ನೀರು ತರಲು ಹೇಳುತ್ತಾರೆ. ಅವರು ನೀರು ಹಾಕುತ್ತಾರೆ, ಆನಂದರು ಮೈ ತೊಳೆಯುತ್ತಾರೆ. ಆಮೇಲೆ ಒಬ್ಬರು ತಲೆ, ಒಬ್ಬರು ಕಾಲು ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ.